ಒಂದೇ ಮನೆಯಲ್ಲಿ ಮೂವರಿಗೆ ಬಂದರೆ ಅದು ವಂಶದ ಕಾಯಿಲೆಯೇ?

ಆನುವಂಶಿಕ ಕಾಯಿಲೆ, ಸೋಂಕು ರೋಗ, ಇವೆರಡರಲ್ಲಿ ಯಾವುದು ಜಾಸ್ತಿ ಅಪಾಯ ಅಂತ ಕೇಳಿದ್ದೀರಿ. ಒಂದೇ ಮನೆಯಲ್ಲಿ ಮೂವರಿಗೆ ಒಂದೇ ಕಾಯಿಲೆ ಬಂದರೆ ಅದು ವಂಶದಿಂದ ಬಂದದ್ದೇ ಅಲ್ವಾ ಅಂತಲೂ ಕೇಳಿದ್ದೀರಿ. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಜನ ಎಡವುವುದು ಅಲ್ಲೇ.

ಇಲ್ಲ, ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಒಂದು ಮನೆಯವರಿಗೆ ಜೀನ್ (ಹೆತ್ತವರಿಂದ ಬರುವ ವಂಶವಾಹಿ) ಮಾತ್ರ ಒಂದೇ ಅಲ್ಲ, ಉಸಿರಾಡುವ ಗಾಳಿ, ಕುಡಿಯುವ ನೀರು, ಮಲಗುವ ಕೋಣೆ ಎಲ್ಲವೂ ಒಂದೇ. ಕುಷ್ಠರೋಗವನ್ನೇ ನೋಡಿ. ನಾರ್ವೆಯಲ್ಲಿ ದೊಡ್ಡ ದೊಡ್ಡ ವೈದ್ಯರೇ ಅದನ್ನು ವಂಶದ ಕಾಯಿಲೆ ಅಂತ ನಂಬಿದ್ದರು, ಏಕೆಂದರೆ ಅದೇ ಮನೆಗಳಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. 1873ರಲ್ಲಿ ಅಲ್ಲಿನ ವೈದ್ಯ ಹ್ಯಾನ್ಸನ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಕ್ಷಯದ ಕತೆಯೂ ಹಾಗೇ. ತಂದೆ ಸತ್ತ, ಆಮೇಲೆ ಮಗಳು, ಹಾಗಾಗಿ ರಕ್ತದಲ್ಲೇ ಇದೆ ಅಂದುಕೊಳ್ಳುತ್ತಿದ್ದರು. 1882ರಲ್ಲಿ ಜರ್ಮನಿಯ ವೈದ್ಯ ಕಾಕ್ ಅದರ ರೋಗಾಣುವನ್ನು ತೋರಿಸಿದ ಮೇಲೂ ಆ ನಂಬಿಕೆ ಪೂರ್ತಿ ಹೋಗಲಿಲ್ಲ.

ಇದರ ಉಲ್ಟಾ ತಪ್ಪನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ತಮ್ಮನಿಗೆ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಅವನ ದೇಹದಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಚಿಕ್ಕವನಿದ್ದಾಗ ಸುಮ್ನೆ ಓಡಿದರೂ ಒಳಗೇ ರಕ್ತ ಸೇರಿ ಮೊಣಕಾಲು ಊದಿಕೊಳ್ಳುತ್ತಿತ್ತು. ಶಾಲೆಯಲ್ಲಿ ಅವನನ್ನು ಬೇರೆ ಬೆಂಚಿನಲ್ಲಿ ಕೂರಿಸಿದರು, ಅಂಟಿಕೊಳ್ಳುತ್ತದೆ ಅನ್ನುವ ಭಯಕ್ಕೆ. ಮುಟ್ಟಿದರೆ, ಜೊತೆಗೆ ಊಟ ಮಾಡಿದರೆ, ಅವನ ರಕ್ತ ತಾಗಿದರೂ ಹಿಮೋಫಿಲಿಯಾ ಇನ್ನೊಬ್ಬರಿಗೆ ಬರಲು ಸಾಧ್ಯವೇ ಇಲ್ಲ. ಇನ್ನು ನೆಂಟರು ಅಮ್ಮನನ್ನು ಕೇಳುತ್ತಿದ್ದದ್ದು, ಇದು ನಿಮ್ಮ ತವರಿನ ಕಡೆಯಿಂದ ಬಂದದ್ದಾ ಅಂತ. ಅಲ್ಲಿ ಯಾರಿಗೂ ಇರಲಿಲ್ಲ. ಹಿಮೋಫಿಲಿಯಾ ಇರುವ ಸುಮಾರು ಮೂರನೇ ಒಂದು ಭಾಗದಷ್ಟು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಜೀನ್‌ನಲ್ಲಿ ಹೊಸದಾಗಿ ಒಂದು ಬದಲಾವಣೆ ಆಗಿಬಿಡುತ್ತದೆ ಅಷ್ಟೇ. ಅದು ಯಾರ ತಪ್ಪೂ ಅಲ್ಲ. ಈ ಒಂದು ಮಾತನ್ನು ಅಮ್ಮನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ವರ್ಷದ ಕಣ್ಣೀರು ಉಳಿಯುತ್ತಿತ್ತು.

ಹಾಗಾದರೆ ನಿಜವಾದ ವ್ಯತ್ಯಾಸ ಏನು? ಸೋಂಕು ಹೊರಗಿನಿಂದ ಬರುತ್ತದೆ. ವೈರಸ್ಸೋ ಬ್ಯಾಕ್ಟೀರಿಯಾವೋ ಪರೋಪಜೀವಿಯೋ, ಅದಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಒಂದು ದಾರಿ ಬೇಕು. ಕೆಲವು ನೀರು, ಗಾಳಿ, ಸೊಳ್ಳೆಯ ಮೂಲಕವೂ ಬರುತ್ತವೆ. ಆ ದಾರಿ ಕಡಿದರೆ ಕಾಯಿಲೆ ನಿಲ್ಲುತ್ತದೆ. ಸಿಡುಬು ಹಾಗೆಯೇ ಹೋಯಿತು. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ ಕಂಡಿತು, 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತ ಅಂತ ಘೋಷಿಸಿದರು. ಹಿಮೋಫಿಲಿಯಾವನ್ನು ಹಾಗೆ ಅಳಿಸಲು ಆಗುವುದಿಲ್ಲ, ಏಕೆಂದರೆ ಹೊಸ ಬದಲಾವಣೆ ಯಾವ ಮಗುವಿನಲ್ಲಾದರೂ ಆಗಬಹುದು.

ಇನ್ನೊಂದು ಗೊಂದಲ. ಹುಟ್ಟುವಾಗಲೇ ಇದ್ದರೆ ಅದು ಆನುವಂಶಿಕ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಗರ್ಭಿಣಿಗೆ ರುಬೆಲ್ಲಾ ಅನ್ನುವ ವೈರಸ್ ತಗುಲಿದರೆ ಮಗು ಕಣ್ಣಿನ ಪೊರೆಯೊಂದಿಗೆ, ಹೃದಯದ ತೊಂದರೆಯೊಂದಿಗೆ ಹುಟ್ಟಬಹುದು. ಅದು ಸೋಂಕು. ಮೆದುಳನ್ನು ನಿಧಾನವಾಗಿ ಹಾಳುಮಾಡುವ ಹಂಟಿಂಗ್‌ಟನ್ ಕಾಯಿಲೆ ಪಕ್ಕಾ ಜೀನ್‌ನದ್ದು, ಆದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 30ರಿಂದ 50 ವಯಸ್ಸಿನ ನಡುವೆ.

ನನಗೆ ತುಂಬಾ ನೋವು ಕೊಡುವ ವಿಷಯ ಇದು: ಇವೆರಡೂ ಒಂದೇ ದೇಹದಲ್ಲಿ ಬಂದು ಸೇರಿದ ಕಾಲವೂ ಇತ್ತು. ಹಿಮೋಫಿಲಿಯಾಕ್ಕೆ ಕೊಡುವ ಫ್ಯಾಕ್ಟರ್ ಔಷಧಿಯನ್ನು ಆಗ ಸಾವಿರಾರು ಜನರ ಪ್ಲಾಸ್ಮಾ (ರಕ್ತದ ದ್ರವಭಾಗ) ಒಟ್ಟು ಸೇರಿಸಿ ಮಾಡುತ್ತಿದ್ದರು, ಅದರಲ್ಲಿ ಒಬ್ಬ ದಾನಿಗೆ ಸೋಂಕಿದ್ದರೂ ಇಡೀ ಬ್ಯಾಚಿಗೆ ಸೇರುತ್ತಿತ್ತು. 1980ರ ದಶಕದಲ್ಲಿ ಹಲವು ದೇಶಗಳಲ್ಲಿ ಸಾವಿರಾರು ರೋಗಿಗಳಿಗೆ ಹೀಗೆ ಎಚ್‌ಐವಿ ಮತ್ತು ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ತಗುಲಿತು. ಬದುಕಿಸಬೇಕಿದ್ದ ಔಷಧಿಯೇ ಅದನ್ನು ತಂದಿತು. ಆಮೇಲೆ ಔಷಧಿಯನ್ನು ಬಿಸಿ ಮಾಡಿ ವೈರಸ್ ಕೊಲ್ಲುವ ಕ್ರಮ ಬಂತು, 1990ರ ದಶಕದಲ್ಲಿ ಮನುಷ್ಯರ ರಕ್ತದಿಂದ ತೆಗೆಯದೆ ಪ್ರಯೋಗಾಲಯದ ಜೀವಕೋಶಗಳಲ್ಲಿ ತಯಾರಿಸಿದ ಫ್ಯಾಕ್ಟರ್ ಬಂತು. ನನ್ನ ತಮ್ಮ ಆಮೇಲೆ ಹುಟ್ಟಿದವನು. ಅದೊಂದೇ ಸಮಾಧಾನ.

ಸೇರಿಕೆ ಯಾವಾಗಲೂ ಕೆಟ್ಟದ್ದೇ ಅಲ್ಲ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಜೀನ್ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದು ಒಂದೇ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ಸಾಕಷ್ಟು ರಕ್ಷಣೆ ಸಿಗುತ್ತದೆ. ಎರಡು ಪ್ರತಿ ಬಂದರೆ ಮಾತ್ರ ಕಷ್ಟದ ಕಾಯಿಲೆ. ಮಲೇರಿಯಾ ಇದ್ದ ಪ್ರದೇಶಗಳಲ್ಲಿ ಆ ಜೀನ್ ಉಳಿದುಕೊಂಡು ಬಂದದ್ದು ಅದಕ್ಕೇ.

ಯಾವುದು ಜಾಸ್ತಿ ಅಪಾಯ ಅನ್ನುವುದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ನೆಗಡಿಯೂ ಸೋಂಕು, ರೇಬೀಸ್ ಕೂಡ ಸೋಂಕು. ಬಣ್ಣಗುರುಡೂ ಜೀನ್‌ನಿಂದ, ಹಂಟಿಂಗ್‌ಟನ್ ಕೂಡ ಜೀನ್‌ನಿಂದ. ಜೀನ್ ಕಾಯಿಲೆಗೆ ಏನೂ ಮಾಡಲಾಗದು ಅನ್ನುವುದೂ ಸುಳ್ಳು. ಆಹಾರದ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದೆ ಮೆದುಳಿಗೆ ಹಾನಿಯಾಗುವ ಪಿಕೆಯು ಅನ್ನುವ ಜೀನ್ ಕಾಯಿಲೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಮಾಡಿ ಆಹಾರ ಬದಲಿಸಿದರೆ ಮಗುವಿನ ಮೆದುಳು ಉಳಿಯುತ್ತದೆ. ಸಿಕಲ್ ಸೆಲ್‌ಗೆ ಜೀನ್ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನೀವು ಹೇಳಿದ ಆ ಮೂವರಲ್ಲಿ ಮದುವೆಯಾಗಿ ಆ ಮನೆಗೆ ಬಂದವರು ಯಾರಾದರೂ ಇದ್ದಾರಾ? ಇದ್ದರೆ ಜೀನ್‌ಗಿಂತ ಮೊದಲು ಸೋಂಕನ್ನೋ, ಕುಡಿಯುವ ನೀರನ್ನೋ ನೋಡಬೇಕು. ಮೂವರೂ ರಕ್ತಸಂಬಂಧಿಗಳೇ ಆಗಿದ್ದು, ಬೇರೆ ಬೇರೆ ಕಡೆ ಇದ್ದೂ ಕಾಯಿಲೆ ಬಂದಿದ್ದರೆ ಆಗ ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಯಾರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾರು ಯಾರ ಜೊತೆ ಇದ್ದರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.