ಮಗನನ್ನು ಐಟಿಐಗೆ ಹಾಕಲೋ, ಗ್ಯಾರೇಜಿಗೋ?

ಪ್ರಶ್ನೆ: ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ. ಪಿಯುಸಿ ಬೇಡ, ಗಾಡಿ ರಿಪೇರಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಐಟಿಐಗೆ ಹಾಕಲೋ, ಪರಿಚಯದವರ ಗ್ಯಾರೇಜಿಗೆ ಬಿಡಲೋ?
– ಒಬ್ಬ ತಂದೆ, ಹಾವೇರಿ

ಉತ್ತರ: ಐಟಿಐಗೇ ಹಾಕಿ ಸರ್. ಗ್ಯಾರೇಜು ಎಲ್ಲೂ ಓಡಿಹೋಗೋದಿಲ್ಲ, ರಜೆಯಲ್ಲಿ ಅಲ್ಲಿಗೂ ಹೋಗಲಿ. ಮೆಕ್ಯಾನಿಕ್ ಡೀಸೆಲ್ 1 ವರ್ಷದ ಕೋರ್ಸ್, ಅದರಲ್ಲಿ ಎಂಜಿನ್ ಕೆಲಸವೇ ಜಾಸ್ತಿ. ಮೆಕ್ಯಾನಿಕ್ ಮೋಟಾರ್ ವೆಹಿಕಲ್ 2 ವರ್ಷ. ಗೇರ್‌ಬಾಕ್ಸ್, ಬ್ರೇಕ್, ಸ್ಟೀರಿಂಗ್, ವೈರಿಂಗ್ ಎಲ್ಲ ಬರುತ್ತದೆ. ಆತುರ ಇಲ್ಲದಿದ್ದರೆ ಎರಡನೆಯದೇ ವಾಸಿ.

ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳು ಈಗಲೂ ಇದ್ದಾರೆ, ಅವರಿಗೆ ಕೈಮುಗಿಯಬೇಕು. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿ ತುಂಬ ಸೆನ್ಸರ್‌ಗಳು, ಸ್ಕ್ಯಾನರ್ ಹಾಕದೆ ಎಷ್ಟೋ ತೊಂದರೆ ಗೊತ್ತೇ ಆಗೋದಿಲ್ಲ. ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹೋಗುವ) ಎಂಜಿನ್‌ನಲ್ಲಿ ಡೀಸೆಲ್ ಒತ್ತಡ 1,000 ಬಾರ್ ದಾಟುತ್ತದೆ. ಸೋರಿಕೆ ಎಲ್ಲಿ ಅಂತ ಬೆರಳಿಟ್ಟು ನೋಡಿದರೆ ಡೀಸೆಲ್ ಚರ್ಮ ತೂರಿ ಒಳಗೇ ಹೋಗುತ್ತದೆ, ರಟ್ಟಿನ ತುಂಡು ಹಿಡಿದು ನೋಡಬೇಕು. ಇಂಥದ್ದನ್ನೆಲ್ಲ ಪೆಟ್ಟು ತಿಂದು ಕಲಿಯೋದು ಬೇಡ ಅಲ್ವಾ?

ಸೇರಿಸುವ ಮೊದಲು ಕಾಲೇಜಿನ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಸುಮ್ನೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನೋ, ಸ್ಟಾರ್ಟ್ ಆಗೋದೋ? ಸ್ಪ್ಯಾನರ್ ಮೇಲೆ ಗ್ರೀಸ್ ಇದೆಯೋ, ಧೂಳೋ? ಆಮೇಲೆ ಅಪ್ರೆಂಟಿಸ್ ಮಾಡಿಸಿ. ಸಾರಿಗೆ ನಿಗಮಗಳಲ್ಲೂ ತೆಗೆದುಕೊಳ್ಳುತ್ತಾರೆ, ಸ್ಟೈಪೆಂಡ್ ಕೂಡ ಸಿಗುತ್ತದೆ.