ಹಾವನೂರರ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಸಂಶೋಧಕ ಶ್ರೀನಿವಾಸ ಹಾವನೂರರ ಬರಹಗಳ ಕುರಿತು ಡೊಂಬಿವಲಿಯಿಂದ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಮುಂಬಯಿಯ ನಮ್ಮ ಓದುಗರಲ್ಲಿ ಇಲ್ಲಿನ ಕಥೆಗಾರರನ್ನು, ಕಾದಂಬರಿಕಾರರನ್ನು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಇದೇ ಊರಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಗ್ರಂಥಪಾಲಕರಾಗಿದ್ದುಕೊಂಡು ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಶೋಧಿಸಿದ ವಿದ್ವಾಂಸರನ್ನು ಬಲ್ಲವರು ಕಡಿಮೆ. ಹೀಗಾಗಿ ವಿಷಯದ ಆಯ್ಕೆ ತುಂಬ ಹಿಡಿಸಿತು. ಆದರೆ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾರೆ.

ಮೊದಲ ಎರಡು ಪುಟಗಳು ‘ಮೇರು ವಿದ್ವಾಂಸ’, ‘ಜ್ಞಾನನಿಧಿ’ ಮುಂತಾದ ವಿಶೇಷಣಗಳಲ್ಲೇ ಕಳೆದುಹೋಗಿವೆ. ಮುಂದಿನ ಮೂರು ಪುಟಗಳಲ್ಲಿರುವುದು ಪುಸ್ತಕಗಳ ಪಟ್ಟಿ. 1974ರ ‘ಹೊಸಗನ್ನಡದ ಅರುಣೋದಯ’ಕ್ಕೆ ಸಿಕ್ಕಿರುವುದು ‘ಮೌಲಿಕ ಕೃತಿ’ ಎಂಬ ಒಂದೇ ಮಾತು. ಯಾವ ಕಾರಣಕ್ಕೆ ಮೌಲಿಕ? ಹೊಸಗನ್ನಡವೆಂದರೆ ಇಪ್ಪತ್ತನೆಯ ಶತಮಾನದ ಕವಿತೆಯಿಂದಲೇ ಆರಂಭವೆಂದು ನಂಬಿದ ಓದುಗನನ್ನು ಆ ಗ್ರಂಥವು ಅದಕ್ಕೂ ಹಿಂದಿನ ಗದ್ಯದ ಕಡೆಗೆ, ಪತ್ರಿಕೆಗಳ ಕಡೆಗೆ, ಮಿಶನ್ ಮುದ್ರಣಾಲಯಗಳ ಕಡೆಗೆ ಕರೆದೊಯ್ಯುತ್ತದೆ. 1843ರಲ್ಲಿ ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆಯ ಒಂದು ಹಾಳೆಯನ್ನು ಓದುಗನ ಕಣ್ಣ ಮುಂದೆ ಹಿಡಿದಿದ್ದರೆ, ಊರ ಸುದ್ದಿಯನ್ನು ಅಚ್ಚಿನ ಗದ್ಯದಲ್ಲಿ ಹೇಳಲು ನಮ್ಮ ಭಾಷೆ ಪಟ್ಟ ಪಾಡು ಅವನಿಗೆ ತಾನಾಗಿಯೇ ತಿಳಿಯುತ್ತಿತ್ತು.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ‘ಗ್ರಂಥಪಾಲಕರಾಗಿದ್ದರೂ ಸಂಶೋಧನೆ ಮಾಡಿದರು’ ಎಂದು ಬರೆದಿದ್ದೀರಿ. ಅದನ್ನು ‘ಗ್ರಂಥಪಾಲಕರಾಗಿದ್ದರಿಂದಲೇ’ ಎಂದು ತಿದ್ದಿ, ಆ ವಾಕ್ಯವನ್ನು ಸಾಧಿಸಲು ಪ್ರಯತ್ನಿಸಿ. ಹಳೆಯ ಪ್ರತಿ ಎಲ್ಲಿದೆ, ಅದು ಎಷ್ಟನೆಯ ಮುದ್ರಣ, ಅಚ್ಚು ಹಾಕಿಸಿದವರು ಯಾರು ಎಂದು ಕೇಳುತ್ತ ಹೋಗುವುದು ಆ ವೃತ್ತಿಯ ದಿನನಿತ್ಯದ ಕೆಲಸ. ಪ್ರಾಚೀನ ಕನ್ನಡ ಸಾಹಿತ್ಯದ ಅಧ್ಯಯನಕ್ಕೆ ಕಂಪ್ಯೂಟರ್ ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರೆಂಬುದನ್ನು ನೀವು ಬಿಡಿ ಸಾಧನೆಯಾಗಿ ಪಟ್ಟಿಯ ಕೊನೆಗೆ ಸೇರಿಸಿದ್ದೀರಿ. ಅದು ಸಹ ಇದೇ ಎಳೆಗೆ ಸೇರಿದ್ದೆಂದು ನನಗೆ ತೋರುತ್ತದೆ.

ಕೊನೆಯ ಪುಟದಲ್ಲಿ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ‘ಅರುಣೋದಯ’ದ ಅಡಿಟಿಪ್ಪಣಿಗಳನ್ನು ಓದುತ್ತಿದ್ದುದಾಗಿ ಹೇಳಿದ್ದೀರಿ. ಇಡೀ ಲೇಖನದಲ್ಲಿ ನನಗೆ ಜೀವಂತವಾಗಿ ಕಂಡ ವಾಕ್ಯ ಅದು. ಯಾವ ಟಿಪ್ಪಣಿ ನಿಮ್ಮನ್ನು ತಡೆದು ನಿಲ್ಲಿಸಿತು? ಲೇಖನವನ್ನು ಅಲ್ಲಿಂದಲೇ ಆರಂಭಿಸಿ. ದೀಪಾವಳಿ ವಿಶೇಷಾಂಕದಲ್ಲಿ ನಾಲ್ಕು ಪುಟಗಳನ್ನು ನಿಮಗಾಗಿ ತೆಗೆದಿರಿಸಿದ್ದೇನೆ. ಆಗಸ್ಟ್ ಮುಗಿಯುವುದರೊಳಗೆ ಕಳುಹಿಸಿಕೊಡಿ.

ಇತಿ,
ಸಂಪಾದಕ