ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೈಜೀರಿಯಾದ ಬೋಧನಾ ಆಸ್ಪತ್ರೆಗಳ ಸ್ಕ್ಯಾನ್ ಕೋಣೆಯಿಂದ

ಸ್ಕ್ಯಾನ್ ವರದಿಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ನೈಜೀರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಂದ ಹಲವು ಪತ್ರಗಳು ಬಂದಿವೆ. ಅಲ್ಲಿನ ಬೋಧನಾ ಆಸ್ಪತ್ರೆಯೊಂದರ ರೇಡಿಯಾಲಜಿ ವಿಭಾಗದಲ್ಲಿ ಕೆಲವು ವರ್ಷ ದುಡಿದವನಿಗೆ ಇವುಗಳಿಗೆ ಒಂದೆರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಾರಿನ ಚಾಲಕರ ತಾಯಿಗೆ ಬೋಧನಾ ಆಸ್ಪತ್ರೆಯಲ್ಲಿ ಹೊಟ್ಟೆಯ ಸಿಟಿ ಸ್ಕ್ಯಾನ್ ಆಯಿತು. ಸ್ಕ್ಯಾನ್ ಹದಿನೈದು ನಿಮಿಷದಲ್ಲಿ ಮುಗಿಯಿತಾದರೂ ವರದಿ ಕೈಗೆ ಬರಲು ಐದು ದಿನ ಬೇಕಾಯಿತು. ಖಾಸಗಿ ಕೇಂದ್ರಕ್ಕೆ ಹೋಗಿದ್ದರೆ ಅದೇ ದಿನ ಸಿಗುತ್ತಿತ್ತಲ್ಲವೇ?

ಉತ್ತರ: ಸಿಗುತ್ತಿತ್ತೇನೋ. ಆದರೆ ಆ ಐದು ದಿನಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ತಿಳಿದರೆ ಒಳ್ಳೆಯದು. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ನೂರಾರು ಚಿತ್ರಗಳಿರುತ್ತವೆ. ರೇಡಿಯೋಗ್ರಾಫರ್ ಅವನ್ನು ತೆಗೆದುಕೊಟ್ಟ ಮೇಲೆ, ರೇಡಿಯಾಲಜಿಯಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುತ್ತಿರುವ ರೆಸಿಡೆಂಟ್ ವೈದ್ಯರು ಒಂದೊಂದಾಗಿ ನೋಡಿ ಕರಡು ವರದಿ ಬರೆಯುತ್ತಾರೆ. ಹಿರಿಯ ತಜ್ಞರು ಅದೇ ಚಿತ್ರಗಳನ್ನು ಮತ್ತೆ ನೋಡಿ, ತಿದ್ದಿ, ಸಹಿ ಹಾಕುತ್ತಾರೆ. ಕಾನೂನಿನ ಮೂಲಕ 1952ರಲ್ಲಿ ಸ್ಥಾಪನೆಯಾಗಿ 1957ರಲ್ಲಿ ಬಾಗಿಲು ತೆರೆದ ಇಬಾದಾನ್‌ನ ಯೂನಿವರ್ಸಿಟಿ ಕಾಲೇಜ್ ಹಾಸ್ಪಿಟಲ್ ಆ ದೇಶದ ಮೊದಲ ಬೋಧನಾ ಆಸ್ಪತ್ರೆ. ಅದರ ನಂತರ ಲಾಗೋಸ್, ಜಾರಿಯಾ, ಎನುಗು, ಇಫೆ, ಬೆನಿನ್ ನಗರಗಳಲ್ಲಿ ತಲೆಯೆತ್ತಿದ ಬೋಧನಾ ಆಸ್ಪತ್ರೆಗಳಲ್ಲಿಯೂ ಕಲಿಕೆ ಮತ್ತು ಚಿಕಿತ್ಸೆ ಹೀಗೆ ಒಂದೇ ಮೇಜಿನ ಮೇಲೆ ನಡೆಯುತ್ತವೆ. ಒಂದು ಚಿತ್ರದ ಮೇಲೆ ಎರಡು ಜೋಡಿ ಕಣ್ಣುಗಳು ಬೀಳುವುದು ರೋಗಿಗೆ ದೊಡ್ಡ ರಕ್ಷಣೆ. ಅದಕ್ಕೆ ತಗಲುವ ಹೊತ್ತನ್ನು ನಾನು ದೂರುವುದಿಲ್ಲ.

ನಾನು ದೂರುವುದು ಬೇರೆ ಕಾರಣಗಳನ್ನು. ಸಹಿ ಹಾಕಬೇಕಾದ ಹಿರಿಯರ ಸಂಖ್ಯೆ ಕರಗುತ್ತಾ ಬಂದಿದೆ. ಅಲ್ಲಿ ಎಲ್ಲರ ಬಾಯಲ್ಲೂ ಇರುವ ಯೊರುಬಾ ಮಾತೊಂದಿದೆ, ‘ಜಾಪಾ’ ಎಂದು. ಓಡಿಹೋಗು, ತಪ್ಪಿಸಿಕೊಂಡು ಹೋಗು ಎಂದು ಅದರ ಅರ್ಥ. ಬ್ರಿಟನ್ನಿಗೋ ಕೊಲ್ಲಿ ದೇಶಗಳಿಗೋ ಹೊರಟುಹೋದ ವೈದ್ಯರು, ರೇಡಿಯೋಗ್ರಾಫರುಗಳು ಬಿಟ್ಟುಹೋದ ಕೆಲಸವನ್ನು ಉಳಿದವರು ಹೆಗಲೇರಿಸಿಕೊಳ್ಳುತ್ತಾರೆ. ವಿದ್ಯುತ್ತಿನದು ಇನ್ನೊಂದು ಸಂಕಟ. 2024ರ ಏಪ್ರಿಲ್‌ನಲ್ಲಿ ‘ಎ’ ಬ್ಯಾಂಡ್ ಗ್ರಾಹಕರ, ಅಂದರೆ ದಿನದ ಹೆಚ್ಚಿನ ಹೊತ್ತು ವಿದ್ಯುತ್ ಪಡೆಯುವ ವರ್ಗದವರ, ದರವು ಯೂನಿಟ್‌ಗೆ 68 ನೈರಾದಿಂದ 225 ನೈರಾಕ್ಕೆ ಏರಿದಾಗ ದೊಡ್ಡ ಆಸ್ಪತ್ರೆಗಳ ಲೆಕ್ಕಾಚಾರವೇ ತಲೆಕೆಳಗಾಯಿತು. ವಿದ್ಯುತ್ ಕಂಪನಿಯ ಬಾಕಿಯ ಕಾರಣಕ್ಕೆ ಇಬಾದಾನ್‌ನ ಆ ಹಿರಿಯ ಆಸ್ಪತ್ರೆಯೇ 2024ರ ಕೊನೆಯಿಂದ 2025ರ ಆರಂಭದವರೆಗೆ ತಿಂಗಳುಗಟ್ಟಲೆ ಸಂಪರ್ಕ ಕಳೆದುಕೊಂಡದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ವಿದ್ಯುತ್ ಹೋಗಿ ಜನರೇಟರ್ ಹೊತ್ತಿಕೊಳ್ಳುವುದರೊಳಗೆ ಸಿಟಿ ಯಂತ್ರ ನಿಂತುಹೋದರೆ ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗಬಹುದು, ಮತ್ತು ಆ ದಿನದ ಸರದಿಯಲ್ಲಿ ಕುಳಿತವರೆಲ್ಲರೂ ಹಿಂದೆ ಬೀಳುತ್ತಾರೆ. ಶಾಶ್ವತ ಆಯಸ್ಕಾಂತದ, ಕಡಿಮೆ ಶಕ್ತಿಯ ಎಂಆರ್‌ಐ ಯಂತ್ರಗಳು ಅಲ್ಲಿ ಹೆಚ್ಚಾಗಿ ಕಾಣುವುದಕ್ಕೂ ಇದೇ ಒಂದು ಕಾರಣ: ಆಯಸ್ಕಾಂತವನ್ನು ತಣ್ಣಗಿಡಲು ಅವಕ್ಕೆ ದ್ರವ ಹೀಲಿಯಂ ಬೇಡ, ವಿದ್ಯುತ್ತೂ ಕಡಿಮೆ ಸಾಕು. ಅವುಗಳ ಚಿತ್ರ ಅಷ್ಟು ಸೂಕ್ಷ್ಮವಾಗಿರುವುದಿಲ್ಲ, ಆದರೆ ನಡೆಯುತ್ತಿರುವ ಸಾಧಾರಣ ಯಂತ್ರವು ನಿಂತುಹೋದ ಶ್ರೇಷ್ಠ ಯಂತ್ರಕ್ಕಿಂತ ರೋಗಿಗೆ ಹೆಚ್ಚು ಉಪಯುಕ್ತ.

ಮೂರನೆಯ ಕಾರಣ ಯಾರ ಗಮನಕ್ಕೂ ಬಾರದ್ದು, ಅದು ಕೋರಿಕೆ ಚೀಟಿ. ‘ಹೊಟ್ಟೆನೋವು’ ಎಂಬ ಒಂದೇ ಪದ ಬರೆದ ಚೀಟಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಎಷ್ಟು ದಿನದಿಂದ, ಯಾವ ಬದಿ, ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯೇ, ವೈದ್ಯರ ಅನುಮಾನವೇನು ಎಂಬುದು ಅದರಲ್ಲಿ ಇಲ್ಲದಿದ್ದರೆ ವರದಿ ಬರೆಯುವವರು ಕತ್ತಲಲ್ಲಿ ಹುಡುಕಿದಂತೆ. ಆದ್ದರಿಂದ ಚಾಲಕರಿಗೆ ಹೇಳಿ: ಚೀಟಿಯಲ್ಲಿ ವಿವರ ಬರೆದುಕೊಡುವಂತೆ ವಾರ್ಡಿನ ವೈದ್ಯರನ್ನು ವಿನಯದಿಂದಲೇ ಒತ್ತಾಯಿಸಲಿ, ಹಳೆಯ ಫಿಲ್ಮುಗಳಿದ್ದರೆ ತಪ್ಪದೇ ಒಯ್ಯಲಿ. ಪರಿಸ್ಥಿತಿ ತುರ್ತಾಗಿದ್ದರೆ ಲಿಖಿತ ವರದಿಗಾಗಿ ಕಾಯದೆ ಚಿಕಿತ್ಸೆ ಮಾಡುವ ವೈದ್ಯರೇ ರೇಡಿಯಾಲಜಿ ವಿಭಾಗಕ್ಕೆ ಬಂದು ಬಾಯಿಮಾತಿನ ವರದಿ ಕೇಳಬಹುದು. ನಾನು ದುಡಿದ ಕಡೆ ಅಂಥ ಕೋರಿಕೆಯನ್ನು ಯಾರೂ ನಿರಾಕರಿಸುತ್ತಿರಲಿಲ್ಲ.

ಪ್ರಶ್ನೆ: ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೂ ಮೊದಲು ಹಣ ಕಟ್ಟಿ ರಸೀದಿ ತನ್ನಿ ಎನ್ನುತ್ತಾರೆ. ಇದು ನ್ಯಾಯವೇ?

ಉತ್ತರ: ನ್ಯಾಯವಲ್ಲ, ಕಾನೂನಿಗೂ ಒಪ್ಪಿಗೆಯಿಲ್ಲ. ನೈಜೀರಿಯಾದ 2014ರ ರಾಷ್ಟ್ರೀಯ ಆರೋಗ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಯಾವುದೇ ಕಾರಣಕ್ಕೂ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ನಿರಾಕರಿಸಿದವರಿಗೆ 1,00,000 ನೈರಾ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಗುಂಡೇಟು ತಿಂದವರನ್ನು ಪೊಲೀಸ್ ಚೀಟಿಗಾಗಿ ಕಾಯಿಸಬಾರದೆಂದು 2017ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ.

ಆದರೂ ರಸೀದಿ ಏಕೆ ಕೇಳುತ್ತಾರೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ಹೆಚ್ಚಿನ ಕುಟುಂಬಗಳು ಚಿಕಿತ್ಸೆಯ ಖರ್ಚನ್ನು ಕೈಯಿಂದಲೇ ಭರಿಸುತ್ತವೆ. ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2022ರಲ್ಲಿ ಬಂದಿದೆಯಾದರೂ ಕಾರ್ಡು ಇಲ್ಲದವರೇ ಹೆಚ್ಚು. ಫಿಲ್ಮು, ಚಿತ್ರದಲ್ಲಿ ಅಂಗಗಳು ಸ್ಪಷ್ಟವಾಗಿ ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧ, ಯಂತ್ರದ ಬಿಡಿಭಾಗ ಎಲ್ಲವೂ ವಿದೇಶದಿಂದ ಬರುವಂಥವು; 2023ರ ಜೂನ್‌ನಲ್ಲಿ ನೈರಾದ ವಿನಿಮಯ ದರವನ್ನು ಸಡಿಲಿಸಿದ ಮೇಲೆ ಅವುಗಳ ಬೆಲೆ ಕೈಗೆಟುಕದಂತಾಗಿದೆ. ಇಷ್ಟೆಲ್ಲ ಇದ್ದರೂ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿರುವ ಮನುಷ್ಯನ ಸಂಬಂಧಿಕರು ನಗದು ಕೌಂಟರಿನ ಸಾಲಿನಲ್ಲಿ ನಿಂತಿರುವುದನ್ನು ಕಂಡಾಗ ಆಗುತ್ತಿದ್ದ ಸಂಕಟ ಇಂದಿಗೂ ನನ್ನಿಂದ ಹೋಗಿಲ್ಲ. ಅಂಥ ಸಮಯದಲ್ಲಿ ಕೌಂಟರಿನವರೊಂದಿಗೆ ವಾದಕ್ಕಿಳಿಯದೆ ತುರ್ತು ವಿಭಾಗದ ಕರ್ತವ್ಯನಿರತ ವೈದ್ಯರನ್ನು ಹಿಡಿಯಿರಿ. ‘ತುರ್ತು’ ಎಂದು ಅವರು ಚೀಟಿಯ ಮೇಲೆ ಬರೆದು ಸಹಿ ಹಾಕಿದರೆ ಸ್ಕ್ಯಾನ್ ಮೊದಲು, ಹಣ ಆಮೇಲೆ ಎಂದು ಕೇಳುವುದಕ್ಕೆ ಆಧಾರ ಸಿಗುತ್ತದೆ. ಆಸ್ಪತ್ರೆಯ ವೈದ್ಯಕೀಯ ಸಮಾಜಕಾರ್ಯ ವಿಭಾಗದವರನ್ನೂ ಕೂಡಲೇ ಕಾಣಿರಿ.

ಪ್ರಶ್ನೆ: ಎಕ್ಸ್-ರೇ ಕೋಣೆಯ ಸಿಬ್ಬಂದಿ ಎದೆಯ ಮೇಲೆ ಸಣ್ಣ ಬಿಲ್ಲೆ ಹಾಕಿಕೊಂಡಿರುತ್ತಾರೆ. ಅಲ್ಲಿ ಕಾಯುವ ನಮಗೂ ಅಪಾಯವಿದೆಯೇ?

ಉತ್ತರ: ಆ ಬಿಲ್ಲೆ ವಿಕಿರಣವನ್ನು ತಡೆಯುವುದಿಲ್ಲ, ಅಳೆಯುತ್ತದೆ. ವರ್ಷವಿಡೀ ಅದೇ ಕೋಣೆಯಲ್ಲಿ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬುದು ಅಂತರರಾಷ್ಟ್ರೀಯ ಮಿತಿ. 1995ರ ಕಾಯ್ದೆಯಡಿ ರೂಪುಗೊಂಡು 2001ರಲ್ಲಿ ಕಾರ್ಯಾರಂಭ ಮಾಡಿದ ನೈಜೀರಿಯಾದ ಪರಮಾಣು ನಿಯಂತ್ರಣ ಪ್ರಾಧಿಕಾರ ಇದರ ಮೇಲ್ವಿಚಾರಣೆ ನಡೆಸುತ್ತದೆ. ಬಾಗಿಲು ಮುಚ್ಚಿದ್ದರೆ ಹೊರಗಿನ ಬೆಂಚಿನಲ್ಲಿ ಕೂರುವವರು ಹೆದರಬೇಕಿಲ್ಲ. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮಾತ್ರ, ಕೇಳುವವರೆಗೆ ಕಾಯದೆ ನೀವೇ ಮೊದಲು ಹೇಳಿಬಿಡಿ.

ಪ್ರಶ್ನೆ: ಕಾನೋದಲ್ಲಿ ನಮ್ಮ ಮನೆಗೆಲಸದವರ ಆರು ವರ್ಷದ ಮಗಳಿಗೆ ಸಿಕಲ್ ಸೆಲ್ ಕಾಯಿಲೆಯಿದೆ. ಹುಡುಗಿ ಚೆನ್ನಾಗಿಯೇ ಆಡಿಕೊಂಡಿದ್ದಾಳೆ, ಆದರೂ ತಲೆಗೆ ಸ್ಕ್ಯಾನ್ ಮಾಡಿಸಬೇಕು ಎಂದಿದ್ದಾರೆ. ತಾಯಿ ಹೆದರಿ ಮುಂದೂಡುತ್ತಿದ್ದಾರೆ.

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ. ಜಗತ್ತಿನಲ್ಲೇ ಅತಿ ಹೆಚ್ಚು ಸಿಕಲ್ ಸೆಲ್ ಮಕ್ಕಳು ಹುಟ್ಟುವ ದೇಶ ನೈಜೀರಿಯಾ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಮಿದುಳಿನ ರಕ್ತನಾಳಗಳನ್ನು ನಿಧಾನವಾಗಿ ಕಿರಿದಾಗಿಸುತ್ತವೆ. ಈ ಕಾಯಿಲೆಯ ತೀವ್ರ ರೂಪವಿರುವವರಲ್ಲಿ, ಮುಂಚಿತವಾಗಿ ಪತ್ತೆಹಚ್ಚಿ ತಡೆಯದಿದ್ದರೆ, ನೂರಕ್ಕೆ ಸುಮಾರು 11 ಮಂದಿಗೆ 20 ವರ್ಷ ತುಂಬುವುದರೊಳಗೆ ಲಕ್ವ ಹೊಡೆಯುತ್ತದೆ ಎಂಬುದು ಅಮೆರಿಕದ ಹಳೆಯ ಅಧ್ಯಯನದಿಂದ ತಿಳಿದ ಲೆಕ್ಕ. ಹೊರಗಿನಿಂದ ಚೆನ್ನಾಗಿ ಆಡಿಕೊಂಡಿರುವ ಮಗುವಿನಲ್ಲಿ ಇದನ್ನು ಮೊದಲೇ ಹಿಡಿಯಬಲ್ಲ ಪರೀಕ್ಷೆಯೇ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್.

ತಾಯಿಗೆ ಹೀಗೆ ವಿವರಿಸಿ: ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ, ನೋವಿಲ್ಲ. ಕಿವಿಯ ಮುಂದಿನ ತೆಳುವಾದ ಮೂಳೆಯ ಮೇಲೆ ಅಲ್ಟ್ರಾಸೌಂಡಿನ ಸಣ್ಣ ಪ್ರೋಬ್ ಇಟ್ಟು ಮಿದುಳಿನ ದೊಡ್ಡ ನಾಳಗಳಲ್ಲಿ ರಕ್ತ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ಅಳೆಯುತ್ತಾರೆ. ಕಿರಿದಾದ ಕಾಲುವೆಯಲ್ಲಿ ನೀರು ರಭಸವಾಗುವಂತೆ ಕಿರಿದಾದ ನಾಳದಲ್ಲಿ ರಕ್ತದ ವೇಗ ಹೆಚ್ಚುತ್ತದೆ. ಸೆಕೆಂಡಿಗೆ 170 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯ; 200 ಅಥವಾ ಹೆಚ್ಚಿದ್ದರೆ ಲಕ್ವದ ಅಪಾಯ; ನಡುವೆ ಇದ್ದರೆ ಕೆಲವು ತಿಂಗಳಲ್ಲಿ ಮತ್ತೆ ನೋಡಬೇಕು. ಮಗು ಎಚ್ಚರವಾಗಿ, ಸಮಾಧಾನವಾಗಿ ಮಲಗಿರುವುದು ಅಗತ್ಯ, ಏಕೆಂದರೆ ಅಳು, ಜ್ವರ, ನಿದ್ದೆ ಇವೆಲ್ಲವೂ ಅಳತೆಯನ್ನು ಏರುಪೇರು ಮಾಡುತ್ತವೆ. ಹಾಗಾಗಿ ನಿದ್ದೆಯ ಔಷಧ ಕೊಡುವುದಿಲ್ಲ. ತಾಯಿಯೇ ಪಕ್ಕದಲ್ಲಿ ಕುಳಿತು ತಮ್ಮ ಹೌಸಾ ಭಾಷೆಯಲ್ಲಿ ಕತೆ ಹೇಳುತ್ತಿರಲಿ, ಅದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆಯಿಲ್ಲ.

ವೇಗ ಹೆಚ್ಚಿದ್ದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಲಕ್ವವನ್ನು ಬಹುಪಾಲು ತಡೆಯಬಹುದೆಂದು 1998ರಲ್ಲೇ ಅಮೆರಿಕದಲ್ಲಿ ಸಾಬೀತಾಯಿತು. ಆದರೆ ತಿಂಗಳು ತಿಂಗಳೂ ಸುರಕ್ಷಿತ ರಕ್ತ ಒದಗಿಸುವುದು ಉತ್ತರ ನೈಜೀರಿಯಾದ ಬಡ ಕುಟುಂಬಕ್ಕೆ ಸಾಧ್ಯವಾಗುವ ಮಾತಲ್ಲ. ಅದಕ್ಕೇ ಕಾನೋ ಮತ್ತು ಕಡುನಾದ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಸೇರಿ, ಬಾಯಿಂದ ನುಂಗುವ ಹೈಡ್ರಾಕ್ಸಿಯೂರಿಯಾ ಔಷಧವನ್ನು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮತ್ತು 20 ಮಿಲಿಗ್ರಾಂ ಪ್ರಮಾಣದಲ್ಲಿ ಹೋಲಿಸಿ ನೋಡಿದರು. ಲಕ್ವ ತಡೆಯುವುದರಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶ್ರೀಮಂತ ದೇಶದ ಉತ್ತರವನ್ನೇ ಎರವಲು ತರದೆ, ತಮ್ಮ ನೆಲದಲ್ಲಿ ನಿಲ್ಲುವಂಥ ಉತ್ತರವನ್ನು ಹುಡುಕಿದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಮಗುವಿಗೆ ಯಾವ ಪ್ರಮಾಣ ಸರಿ ಎಂಬುದನ್ನು ಅವಳ ವೈದ್ಯರು ನಿರ್ಧರಿಸುತ್ತಾರೆ. ಸ್ಕ್ಯಾನನ್ನು ಮಾತ್ರ ಈ ತಿಂಗಳೇ ಮಾಡಿಸಿ, ಫಲಿತಾಂಶ ಸಾಮಾನ್ಯವಾಗಿದ್ದರೂ ವರ್ಷಕ್ಕೊಮ್ಮೆ ಮರಳಿ ಹೋಗಲಿ.

ಪ್ರಶ್ನೆ: ನಮ್ಮ ನೆರೆಮನೆಯ ಮಹಿಳೆಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ. ಗರ್ಭನಾಳದ ಎಕ್ಸ್-ರೇಗೆ ಬರೆದಿದ್ದಾರೆ. ಪುರುಷ ಸಿಬ್ಬಂದಿಯಿರುತ್ತಾರೆ ಎಂಬ ಸಂಕೋಚ ಒಂದೆಡೆ. ಇಂಗ್ಲಿಷ್ ಬಾರದಿರುವುದರಿಂದ ಏನೆಂದು ಕೇಳಲೂ ಅವರಿಗೆ ಧೈರ್ಯವಿಲ್ಲ.

ಉತ್ತರ: ಸೋಂಕಿನಿಂದ ಗರ್ಭನಾಳಗಳು ಮುಚ್ಚಿಕೊಳ್ಳುವುದು ಆ ದೇಶದಲ್ಲಿ ಬಂಜೆತನದ ದೊಡ್ಡ ಕಾರಣಗಳಲ್ಲೊಂದು, ಆದ್ದರಿಂದ ಬೋಧನಾ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಬಹಳ ನಡೆಯುತ್ತದೆ. ಮುಟ್ಟು ನಿಂತ ಮೇಲೆ, ಮುಟ್ಟಾದ ಮೊದಲ ದಿನದಿಂದ ಹತ್ತು ದಿನದೊಳಗೆ ಇದನ್ನು ಮಾಡುತ್ತಾರೆ, ಅಷ್ಟರಲ್ಲಿ ಗರ್ಭ ನಿಂತಿರುವ ಸಾಧ್ಯತೆ ಇರುವುದಿಲ್ಲವೆಂದು. ನಾಳಗಳು ಎಕ್ಸ್-ರೇಯಲ್ಲಿ ಕಾಣಲೆಂದು ಗರ್ಭಕಂಠದ ಮೂಲಕ ಕಾಂಟ್ರಾಸ್ಟ್ ಔಷಧ ಹಾಯಿಸುವಾಗ ಮುಟ್ಟಿನ ನೋವಿನಂಥ ಹಿಡಿತ ಕೆಲವು ನಿಮಿಷ ಇರುತ್ತದೆ. ನೋವಿನ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಬಹುದೇ ಎಂದು ಕೇಳಲಿ. ಮೊದಲೇ ಹೇಳದೆ ಮೇಜಿನ ಮೇಲೆ ಮಲಗಿಸಿದ ಮಹಿಳೆಯರ ಮೈ ಬಿಗಿಯುತ್ತಿತ್ತು, ನೋವೂ ಹೆಚ್ಚುತ್ತಿತ್ತು. ಎರಡು ನಿಮಿಷ ಕುಳಿತು ವಿವರಿಸಿದಾಗ ಅದೇ ಕೆಲಸ ಸಲೀಸಾಗಿ ಆಗುತ್ತಿದ್ದುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮಹಿಳಾ ಸಿಬ್ಬಂದಿಯೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಅವರು ಅಂದು ಇಲ್ಲದಿದ್ದರೆ ಕೋಣೆಯಲ್ಲಿ ನರ್ಸ್ ಒಬ್ಬರು ಜೊತೆಗಿರಬೇಕೆಂದು ಕೇಳಲಿ. ಇದನ್ನು ಪರೀಕ್ಷೆಯ ದಿನದ ಬದಲು ದಿನಾಂಕ ಪಡೆಯುವಾಗಲೇ ಹೇಳಿದರೆ ವಿಭಾಗದವರಿಗೂ ಹೊಂದಿಸಿಕೊಡಲು ಅನುಕೂಲ. ಭಾಷೆಯ ವಿಷಯದಲ್ಲಂತೂ ಮೇಲೆ ಹೇಳಿದ ಅದೇ 2014ರ ಕಾಯ್ದೆಯ 23ನೇ ಸೆಕ್ಷನ್ ಅವರ ಪರವಾಗಿದೆ: ಪರೀಕ್ಷೆಯ ಪ್ರಯೋಜನ, ಅಪಾಯ, ಖರ್ಚು ಇವನ್ನು ಸಾಧ್ಯವಾದಷ್ಟೂ ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವರ ಓದುಬರಹದ ಮಟ್ಟಕ್ಕೆ ಹೊಂದುವಂತೆ ತಿಳಿಸಬೇಕು. ಯೊರುಬಾ, ಹೌಸಾ, ಇಗ್ಬೊ ಅಥವಾ ಪಿಜಿನ್ (ಅಲ್ಲಿನ ಆಡುಮಾತಿನ ಬೆರಕೆ ಇಂಗ್ಲಿಷ್) ಬಲ್ಲವರು ಆ ವಿಭಾಗದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ವರದಿ ಇಂಗ್ಲಿಷಿನಲ್ಲೇ ಬರುತ್ತದೆ. ಅದನ್ನು ಕವರಿನಲ್ಲಿಟ್ಟುಕೊಂಡು ಮನೆಗೆ ಮರಳಬಾರದು. ‘ಎರಡೂ ನಾಳಗಳು ತೆರೆದಿವೆಯೇ, ಒಂದು ಮುಚ್ಚಿದೆಯೇ, ಮುಂದೇನು?’ ಎಂಬ ಮೂರು ಪ್ರಶ್ನೆಗಳನ್ನು ನೀವೇ ಒಂದು ಚೀಟಿಯಲ್ಲಿ ಬರೆದುಕೊಡಿ, ಸ್ತ್ರೀರೋಗ ತಜ್ಞರ ಮುಂದೆ ಅವರು ಅದನ್ನು ಇಡಲಿ. ಗಂಡನ ವೀರ್ಯ ಪರೀಕ್ಷೆ ಆಗಿದೆಯೇ ಎಂಬುದನ್ನೂ ಅದೇ ಚೀಟಿಯಲ್ಲಿ ಸೇರಿಸಿ.